ಹೋರಿ ಬೆದರಬೇಕು, ಕಲ್ಲಾಗಬಾರದು: ಬಾಸ್ ಫೈಟ್‌ನಲ್ಲಿ ಸ್ಟನ್, ಇಂಟರಪ್ಟ್‌ಗಳಿಗೆ ಬೆಲೆ ತರುವುದು ಹೇಗೆ?

ಪ್ರಶ್ನೆ: ನಾವು ಹುಬ್ಬಳ್ಳ್ಯಾಗ ನಾಲ್ಕು ಮಂದಿ ಗೆಳ್ಯಾರು ಕೂಡಿ ಒಂದು ಆನ್‌ಲೈನ್ ಆಟ ಮಾಡಾಕತ್ತೇವ್ರಿ. ನಾಲ್ಕು ಜನ ಕೂಡಿ ಆಡೂದು. ಹಾವೇರಿ ಕಡೆ ಹೋರಿ ಹಬ್ಬದ ಕಥಿ, ಕೊಬ್ಬರಿ ಹೋರಿನ ಬಾಸ್, ಅಂದ್ರ ಎಲ್ಲಾರೂ ಕೂಡಿ ಸೋಲಿಸಬೇಕಾದ ದೊಡ್ಡ ವೈರಿ. ಹಲಗಿಯವ, ಹಗ್ಗದವ, ಕೋಲಿನವ, ವೈದ್ಯ ಅಂತ ನಾಲ್ಕು ಪಾತ್ರ ಅದಾವ. ಎಲ್ಲಾರಿಗೂ ವೈರಿನ್ನ 2 ಸೆಕೆಂಡ್ ಅಲ್ಲಾಡದಂಗ ನಿಲ್ಲಿಸೂ ಒಂದು ಸ್ಟನ್ (ಕೂಲ್‌ಡೌನ್, ಅಂದ್ರ ಮತ್ತ ಬಳಸಾಕ ಕಾಯೂ ಹೊತ್ತು, 20 ಸೆಕೆಂಡ್), ಅದು ಸಿದ್ಧ ಮಾಡಾಕತ್ತಿದ ದಾಳಿನ್ನ ನಡುವ ಕಡಿಯೂ ಒಂದು ಇಂಟರಪ್ಟ್ ಕೊಟ್ಟೇವಿ. ಹೋರಿ 6 ಸೆಕೆಂಡಿಗೊಮ್ಮೆ ನುಗ್ಗತೈತಿ. ಮೊದಲ ಸ್ಟನ್ ಪೂರಾ ಹತ್ತೂ ಹಂಗ ಇಟ್ಟಿದ್ವಿ. ಆಡಿದವ್ರು ಒಬ್ರಾದ ಮ್ಯಾಲೊಬ್ರು ಹೊಡದು ಹೋರಿನ್ನ ಅಲ್ಲಾಡಾಕ ಬಿಡ್ಲಿಲ್ಲ. ಆಮ್ಯಾಲೆ ಬಾಸಿಗೆ ಸ್ಟನ್ ಹತ್ತೂದ ಇಲ್ಲ ಅಂತ ಮಾಡಿದ್ವಿ; ಈಗ ‘ಹಂಗಾರ ಈ ಸ್ಕಿಲ್ ಯಾಕ ಕೊಟ್ಟೀರಿ’ ಅಂತಾರ. ನಡುವಿನ ದಾರಿ ಯಾವುದ್ರಿ?

ಉತ್ತರ: ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ. ನಾಲ್ಕು ಜನ, ತಲಾ 2 ಸೆಕೆಂಡ್, 20 ಸೆಕೆಂಡಿಗೊಮ್ಮೆ. ಹಾಗಾದರೆ ಹೋರಿ ನಿಂತಿರುವುದು 20ರಲ್ಲಿ 8 ಸೆಕೆಂಡ್, ಅಂದರೆ ಶೇಕಡಾ 40. ಉಳಿದ ಶೇಕಡಾ 60 ಹೊತ್ತು ಅದು ಓಡಾಡಬೇಕಿತ್ತಲ್ಲ, ಯಾಕೆ ಅಲ್ಲಾಡಲಿಲ್ಲ? ಸೆಕೆಂಡುಗಳನ್ನು ಎಣಿಸಿದರೆ ಇದು ಬಿಡಿಸಲಾಗದ ಒಗಟು. ಹೊಡೆತಗಳನ್ನು ಎಣಿಸಿದರೆ ಸರಳ. 6 ಸೆಕೆಂಡಿಗೊಮ್ಮೆ ನುಗ್ಗುವ ಹೋರಿ 20 ಸೆಕೆಂಡಿನಲ್ಲಿ ನುಗ್ಗುವುದು ಮೂರು ಬಾರಿ. ಆಟಗಾರರ ಕೈಯಲ್ಲಿ ಅದೇ ಹೊತ್ತಿಗೆ ನಾಲ್ಕು ಸ್ಟನ್ ಇವೆ. ನುಗ್ಗುವ ಮುಂಚೆ ಕಾಲು ಕೆರೆಯುವ ಹೊತ್ತಿನಲ್ಲಿ ಒಂದೊಂದು ಹೊಡೆದರೆ ಮೂರೂ ನುಗ್ಗಾಟ ರದ್ದು, ಮೇಲೊಂದು ಸ್ಟನ್ ಉಳಿತಾಯ. ಸ್ಟನ್‌ನ ಅವಧಿಯನ್ನು 2ರಿಂದ 1 ಸೆಕೆಂಡಿಗೆ ಇಳಿಸಿದರೂ ಇದು ಬದಲಾಗುವುದಿಲ್ಲ. ಆದ್ದರಿಂದಲೇ ‘ಅವಧಿ ಅರ್ಧ ಮಾಡೋಣ’ ಎಂಬ ನಡುವಿನ ದಾರಿ ಕೆಲಸಕ್ಕೆ ಬರುವುದಿಲ್ಲ.

ಮೊದಲ ಆವೃತ್ತಿಯಲ್ಲಿ ಸ್ಟನ್ ಎಂದರೆ ಹೋರಿಯನ್ನು ಆರಿಸುವ ಸ್ವಿಚ್. ಎರಡನೆಯದರಲ್ಲಿ ಆ ಸ್ವಿಚ್ಚನ್ನೇ ಕಿತ್ತು ಹಾಕಿದಿರಿ. ಸ್ವಿಚ್ಚಿನ ಯೋಚನೆಯನ್ನೇ ಬಿಡಿ. ಧಾರವಾಡದ ಕಡೆ ಕುಸ್ತಿ ನೋಡಿದವರಿಗೆ ಇದು ಗೊತ್ತು: ಪಟ್ಟು ಕೂಡುವುದು ಎದುರಾಳಿ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವ ಗಳಿಗೆಯಲ್ಲಿ. ಹೋರಿಯೂ ಹಾಗೆ ಆಗಾಗ ‘ಈಗ ಏನು ಮಾಡುತ್ತೀರಿ?’ ಎಂದು ಕೇಳಬೇಕು. ಸ್ಟನ್ ಆ ಕೇಳಿಕೆಗೆ ಉತ್ತರವಾಗಬೇಕು. ಉತ್ತರ ಸರಿಯಾದರೆ ಮುಂದಿನ ಕಾಳಗ ಬದಲಾಗಬೇಕು.

ಬೇರೆ ಆಟಗಳು ಇದೇ ಗೋಡೆಗೆ ಹಣೆ ಹಚ್ಚಿವೆ. ಸುಲಭದ ಮದ್ದು, ಒಂದೇ ಶತ್ರುವಿಗೆ ಮತ್ತೆ ಮತ್ತೆ ಸ್ಟನ್ ಹಾಕಿದರೆ ಅವಧಿ ಕುಗ್ಗುತ್ತ ಹೋಗಿ ಕೊನೆಗೆ ತಗಲದೇ ಹೋಗುವುದು. ಫೈನಲ್ ಫ್ಯಾಂಟಸಿ 14ರಲ್ಲಿ ಹೀಗಿದೆ. ಸಣ್ಣ ಶತ್ರುಗಳಿಗೆ ಇದು ಒಳ್ಳೆಯ ನಿಯಮ. ಬಾಸಿಗೆ ಹಚ್ಚಿದರೆ ಹೋರಿ ಕಲ್ಲಾಗುವುದಿಲ್ಲ ನಿಜ, ಆದರೆ ಆಟಗಾರನ ಮುಂದೆ ಆಯ್ಕೆಯೂ ಉಳಿಯುವುದಿಲ್ಲ: ಮೊದಲ ಸ್ಟನ್‌ಗೇ ಪೂರ್ತಿ ಬೆಲೆ, ಹಾಗಾಗಿ ಎಲ್ಲರೂ ಶುರುವಿಗೇ ಒತ್ತಿ ಕೈ ಖಾಲಿ ಮಾಡುತ್ತಾರೆ.

ಎರಡನೆಯ ಮದ್ದು ಎಣಿಕೆ. 2012ರಲ್ಲಿ ಬಂದ ಗಿಲ್ಡ್ ವಾರ್ಸ್ 2ರಲ್ಲಿ ದೊಡ್ಡ ಶತ್ರುಗಳ ಮೇಲೆ ಒಂದು ಸಂಖ್ಯೆ ಇರುತ್ತಿತ್ತು. ಒಂದೊಂದು ತಡೆಯೂ (ಸ್ಟನ್, ತಳ್ಳಾಟದಂಥದು) ಅದರಿಂದ ಒಂದನ್ನು ಕಳೆಯುತ್ತಿತ್ತು, ಸೊನ್ನೆಯಾದ ಮೇಲಿನದು ನಿಜವಾಗಿ ತಗಲುತ್ತಿತ್ತು. 2014ರಲ್ಲಿ ಬಂದು 2018ರಲ್ಲಿ ಮುಚ್ಚಿದ ವೈಲ್ಡ್‌ಸ್ಟಾರ್‌ನಲ್ಲಿಯೂ ಇಂಥದೇ ಕವಚ ಇತ್ತು: ಕವಚ 2 ಇದ್ದರೆ ಎರಡು ತಡೆಗಳು ಅದನ್ನು ಕಳಚುತ್ತಿದ್ದವು, ಮೂರನೆಯದು ತಗಲುತ್ತಿತ್ತು, ತಗಲಿದಾಗ ಬಾಸ್ ಹೆಚ್ಚು ಪೆಟ್ಟು ತಿನ್ನುತ್ತಿತ್ತು. ಒಂದೇ ಗಳಿಗೆಗೆ ಮೂವರು ಕೂಡಿ ಒತ್ತಬೇಕೆನ್ನುವುದು ಸೊಗಸಾದ ಯೋಚನೆ. ತೊಡಕು ಎಲ್ಲಿ ಎಂದರೆ, ಎಣಿಕೆಯಲ್ಲಿ ಎಲ್ಲ ತಡೆಗೂ ಒಂದೇ ಬೆಲೆ. ಹಗುರವಾದ ತಳ್ಳಾಟವೂ ಒಂದು, 3 ಸೆಕೆಂಡಿನ ಗಟ್ಟಿ ಸ್ಟನ್ನೂ ಒಂದು. ಗುಂಪು ದೊಡ್ಡದಾದಷ್ಟೂ ಕೊನೆಯ ಪೆಟ್ಟು ಯಾರದಾಗುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು.

ಗಿಲ್ಡ್ ವಾರ್ಸ್ 2 ತಂಡ 2015ರಲ್ಲಿ ಹಾರ್ಟ್ ಆಫ್ ಥಾರ್ನ್ಸ್ ಎಂಬ ವಿಸ್ತರಣೆಯ ಜೊತೆಗೆ ಎಣಿಕೆಯನ್ನು ಬಿಟ್ಟು ಪಟ್ಟಿಗೆ ಬಂದಿತು: ಬಾಸ್‌ನ ಜೀವಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ, ಪ್ರತಿ ತಡೆಯೂ ತನ್ನ ತೂಕದಷ್ಟು ಅದನ್ನು ಕರಗಿಸುತ್ತದೆ. ಲಾಸ್ಟ್ ಆರ್ಕ್‌ನ ಸ್ಟ್ಯಾಗರ್ ಪಟ್ಟಿಯೂ ಇದೇ ಜಾತಿಯದು. ನಿಮಗೂ ಇದನ್ನೇ ಹೇಳುತ್ತೇನೆ, ನಿಮ್ಮ ಹೋರಿಗೆ ತಕ್ಕ ಹೊಂದಿಕೆಗಳೊಂದಿಗೆ. ಹೆಸರು ನಿಮ್ಮ ಹಬ್ಬದಲ್ಲೇ ಇದೆ: ಬೆದರು ಪಟ್ಟಿ.

ಬೆದರು ಪಟ್ಟಿಯ ಅಂಕಗಳು

ಅಂಕದ ಅಳತೆ ಹೀಗಿರಲಿ: 1 ಸೆಕೆಂಡಿನ ಸ್ಟನ್‌ಗೆ 100 ಅಂಕ. ಉಳಿದದ್ದೆಲ್ಲ ಇದರ ಮೇಲೆ ನಿಲ್ಲುತ್ತದೆ. ನಾಲ್ವರಿಗೂ ಒಂದೇ ಸ್ಟನ್ ಕೊಟ್ಟಿದ್ದೀರಿ, ಅದನ್ನು ಒಡೆಯಿರಿ. ಹಲಗಿಯವನ ಸದ್ದು 3 ಸೆಕೆಂಡಿನದು, 300 ಅಂಕ, ಕೂಲ್‌ಡೌನ್ 30 ಸೆಕೆಂಡ್. ಹಗ್ಗ 200 ಅಂಕ, 20 ಸೆಕೆಂಡ್. ಕೋಲಿನವನದು ಹಿಂದಕ್ಕೆ ತಳ್ಳುವುದು, 150 ಅಂಕ, 15 ಸೆಕೆಂಡ್. ವೈದ್ಯನಿಗೆ ಸ್ಟನ್ ಬೇಡ. ನಡಿಗೆ ನಿಧಾನ ಮಾಡುವ ಮದ್ದಿನ ಪುಡಿ ಕೊಡಿ, 6 ಸೆಕೆಂಡ್ ಉಳಿಯಲಿ, ಸೆಕೆಂಡಿಗೆ 25ರಂತೆ ಒಟ್ಟು 150 ಅಂಕ, ಕೂಲ್‌ಡೌನ್ 25 ಸೆಕೆಂಡ್.

ನಾಲ್ಕೂ ಒಟ್ಟಿಗೆ ಬಿದ್ದರೆ 800. ಪಟ್ಟಿಯ ಗಾತ್ರವನ್ನು ಇದರ ಶೇಕಡಾ 60ಕ್ಕೆ, 480ಕ್ಕೆ ಇಡಿ. ಈ ಸಂಖ್ಯೆಯನ್ನು ಸುಮ್ಮನೆ ಆರಿಸಿದ್ದಲ್ಲ. ಯಾರೊಬ್ಬರು ಸತ್ತು ಬಿದ್ದಿದ್ದರೂ ಉಳಿದ ಮೂವರಿಂದ ಪಟ್ಟಿ ಮುರಿಯಬೇಕು: ಹಲಗಿಯವನಿಲ್ಲದಿದ್ದರೆ 500, ಹಗ್ಗದವನಿಲ್ಲದಿದ್ದರೆ 600, ಉಳಿದಿಬ್ಬರಲ್ಲಿ ಒಬ್ಬರಿಲ್ಲದಿದ್ದರೆ 650. ಎಲ್ಲವೂ 480ರ ಮೇಲೆ. ಪಟ್ಟಿಯನ್ನು 520ಕ್ಕೆ ಏರಿಸಿ ನೋಡಿ. ಹಲಗಿಯವನು ಇಲ್ಲದ ತಂಡಕ್ಕೆ ಅದು ಅಸಾಧ್ಯವಾಗುತ್ತದೆ. ಅಂದಿನಿಂದ ನಿಮ್ಮ ಆಟದಲ್ಲಿ ‘ಹಲಗಿಯವ ಬೇಕು’ ಎಂದು ಜನ ಕಾಯುತ್ತ ಕೂರುತ್ತಾರೆ, ಬೇರೆ ಪಾತ್ರದವರಿಗೆ ಜಾಗ ಸಿಗುವುದಿಲ್ಲ. ಇಬ್ಬರೇ ಉಳಿದಾಗ ಹಲಗಿ ಮತ್ತು ಹಗ್ಗ ಸೇರಿ 500 ಆಗುತ್ತದೆ, ಉಳಿದ ಯಾವ ಜೋಡಿಗೂ ಆಗುವುದಿಲ್ಲ. ಅಷ್ಟು ಬಿಗಿ ಇರಲಿ.

ಒಬ್ಬನ ಸಂಪರ್ಕವೇ ಕಡಿದುಹೋದರೆ ಪಟ್ಟಿ 360ಕ್ಕೆ ಇಳಿಯಲಿ. ಆದರೆ ಪಟ್ಟಿ ತೆರೆದಿರುವಾಗ ಗಾತ್ರವನ್ನು ಮುಟ್ಟಬೇಡಿ, ಮುಂದಿನ ಸರದಿಗೆ ಮಾತ್ರ ಬದಲಿಸಿ. ಸತ್ತವನನ್ನು ಮಾತ್ರ ಲೆಕ್ಕದಿಂದ ತೆಗೆಯಬೇಡಿ. ಸಾವಿಗೂ ಒಂದು ಬೆಲೆ ಇರಬೇಕು.

ಪಟ್ಟಿ ಯಾವಾಗಲೂ ತೆರೆದಿರಬಾರದು. 6 ನಿಮಿಷದ ಕಾಳಗ ಎಂದುಕೊಳ್ಳೋಣ. 45 ಸೆಕೆಂಡಿಗೊಮ್ಮೆ ಹೋರಿ ತಲೆ ತಗ್ಗಿಸಿ, ಕಾಲು ಕೆರೆದು, 1.5 ಸೆಕೆಂಡ್ ಮುನ್ಸೂಚನೆ ಕೊಟ್ಟು ದೊಡ್ಡ ನುಗ್ಗಾಟಕ್ಕೆ ಅಣಿಯಾಗಲಿ. ಆಗ 8 ಸೆಕೆಂಡ್ ಪಟ್ಟಿ ತೆರೆಯಲಿ. 45 ಎಂಬುದು ನಿಮ್ಮ ಅತಿ ದೊಡ್ಡ ಕೂಲ್‌ಡೌನ್ ಆದ 30ರ ಒಂದೂವರೆ ಪಟ್ಟು. ಈ ಅಂತರ ಕೂಲ್‌ಡೌನ್‌ಗೆ ಸಮವಾಗಿದ್ದರೆ ಆಟಗಾರ ಸ್ಟನ್ನನ್ನು ಪಟ್ಟಿಗೆಂದೇ ಕಟ್ಟಿಟ್ಟು ಕೂರುತ್ತಾನೆ. ಕಡಿಮೆಯಿದ್ದರೆ ಒಂದು ಬಿಟ್ಟು ಒಂದು ಸರದಿಗೆ ಕೈಯಲ್ಲಿ ಏನೂ ಇರುವುದಿಲ್ಲ. ಒಂದೂವರೆ ಪಟ್ಟಿದ್ದಾಗ, ಪಟ್ಟಿಗೆ ಬಳಸದೆ ಉಳಿಸಿದ ಸ್ಟನ್ನನ್ನು ನಡುವೆ ಒಮ್ಮೆ ಬೇರೆಡೆ ಖರ್ಚು ಮಾಡಿ ಮತ್ತೆ ಸಿದ್ಧವಾಗಲು 15 ಸೆಕೆಂಡ್ ಸಡಿಲು ಸಿಗುತ್ತದೆ.

ಆ ‘ಬೇರೆಡೆ’ಯನ್ನು ನೀವು ಕಟ್ಟಬೇಕು. ನಡುನಡುವೆ ಮರಿ ಹೋರಿಗಳನ್ನು ಬಿಡಿ. ಅವುಗಳ ಮೇಲೆ ಸ್ಟನ್ ಪೂರ್ತಿ ತಗಲಲಿ, ಕುಗ್ಗುವ ನಿಯಮದೊಂದಿಗೆ: ಮೊದಲ ಬಾರಿ ಪೂರ್ತಿ, ಆಮೇಲೆ ಅರ್ಧ, ಕಾಲು, ನಂತರ 20 ಸೆಕೆಂಡ್ ಏನೂ ಇಲ್ಲ. ಪಟ್ಟಿ ಮುರಿದ 5 ಸೆಕೆಂಡಿಗೆ ಎರಡು ಮರಿ ಹೋರಿ ಬರುವಂತಿದ್ದರೆ 480ರ ಪಟ್ಟಿಗೆ 800 ಸುರಿದ ತಂಡ ಖಾಲಿ ಕೈಯಲ್ಲಿ ನಿಂತಿರುತ್ತದೆ. ಲೆಕ್ಕ ಇಟ್ಟು ಒಂದು ಸ್ಟನ್ ಉಳಿಸಿಕೊಂಡ ತಂಡ ನಿರಾಳ. ಆಯ್ಕೆ ಹುಟ್ಟುವುದು ಇಲ್ಲಿ.

ವೈದ್ಯನ ಪುಡಿಗೆ ಪೂರ್ತಿ 150 ಬರಬೇಕಾದರೆ 6 ಸೆಕೆಂಡ್ ಬೇಕು, ಪಟ್ಟಿ ತೆರೆದಿರುವುದು 8. ಹಾಗಾಗಿ ಅವನು ಮೊದಲ 2 ಸೆಕೆಂಡಿನೊಳಗೆ ಹಾಕಬೇಕು. ಹಲಗಿ ಕೊನೆಗೆ ಬಿದ್ದರೂ ಪೂರ್ತಿ 300. ಯಾರೂ ಹೇಳಿಕೊಡದೆಯೇ ‘ವೈದ್ಯ ಮೊದಲು, ಹಲಗಿ ಕೊನೆಗೆ’ ಎಂಬ ವರಸೆ ತಂಡದಲ್ಲಿ ಹುಟ್ಟುತ್ತದೆ. ಮೃದುವಾದ ತಡೆ, ಗಟ್ಟಿ ತಡೆ ಎರಡನ್ನೂ ಇಟ್ಟುಕೊಳ್ಳುವುದರ ದೊಡ್ಡ ಲಾಭ ಇದೇ ಎಂದು ನನ್ನ ಅಭಿಪ್ರಾಯ.

ಪಟ್ಟಿ ಮುಚ್ಚಿರುವಾಗ ಯಾರಾದರೂ ಹೋರಿಗೆ ಸ್ಟನ್ ಹೊಡೆದರೆ? ‘ತಗಲಲಿಲ್ಲ’ ಎಂದು ತೋರಿಸುವುದು ಆಟಗಾರನ ಮುಖಕ್ಕೆ ಬಾಗಿಲು ಹಾಕಿದಂತೆ. ಹೋರಿ 0.3 ಸೆಕೆಂಡ್ ತಲೆ ಕೊಡವಲಿ, ನಡೆಯುತ್ತಿರುವ ದಾಳಿ ನಿಲ್ಲದಿರಲಿ. ಆ ಸ್ಟನ್‌ನ ಐದನೇ ಒಂದು ಪಾಲು ಮುಂದಿನ ಸರದಿಗೆ ಜಮೆಯಾಗಲಿ, ಒಟ್ಟು 100 ಅಂಕ ಮೀರದಂತೆ. ಹೊಸಬನ ಸ್ಟನ್ ಪೂರ್ತಿ ಹಾಳಾಗುವುದಿಲ್ಲ, ನುರಿತವನು ಮಾತ್ರ ಹಾಗೆ ಖರ್ಚು ಮಾಡುವುದಿಲ್ಲ.

ಗೆದ್ದರೆ ಏನು, ಸೋತರೆ ಏನು

ಬಹುತೇಕ ಆಟಗಳು ಎಡವುವುದು ಇಲ್ಲಿಯೇ. ಪಟ್ಟಿ ಮುರಿದರೆ ಬಾಸ್ ಬಿದ್ದಿರುತ್ತದೆ, ಹೆಚ್ಚು ಪೆಟ್ಟು ತಿನ್ನುತ್ತದೆ, ಅಷ್ಟೇ. ಅದು ಎಷ್ಟಿರಬೇಕೆಂದು ಲೆಕ್ಕ ಹಾಕಿ. ನಾಲ್ವರೂ ಸೇರಿ ಸೆಕೆಂಡಿಗೆ 1,000 ಪೆಟ್ಟು ಕೊಡುತ್ತಾರೆ ಎಂದರೆ 360 ಸೆಕೆಂಡಿಗೆ ಹೋರಿಯ ಜೀವ 3,60,000. ಪಟ್ಟಿ ಏಳು ಸಲ ತೆರೆಯುತ್ತದೆ. ಪ್ರತಿ ಸಲ 6 ಸೆಕೆಂಡ್ ಒಂದೂವರೆ ಪಟ್ಟು ಪೆಟ್ಟು ಬಿದ್ದರೆ ಹೆಚ್ಚುವರಿ 3,000. ಏಳು ಸಲಕ್ಕೆ 21,000, ಒಟ್ಟು ಜೀವದ ಶೇಕಡಾ 6ಕ್ಕೂ ಕಡಿಮೆ. ಒಂದು ಸರದಿ ತಪ್ಪಿದರೂ ಕಾಳಗ ಕೈತಪ್ಪುವುದಿಲ್ಲ. ಒಂದೂವರೆಯ ಬದಲು ಮೂರು ಪಟ್ಟು ಪೆಟ್ಟು ಬೀಳುವಂತೆ ಮಾಡಿದರೆ ಹೆಚ್ಚುವರಿ 84,000, ಶೇಕಡಾ 23. ಆಗ ಜನ ತಮ್ಮ ದೊಡ್ಡ ಹೊಡೆತಗಳನ್ನೆಲ್ಲ ಆ 6 ಸೆಕೆಂಡಿಗೆ ಕಟ್ಟಿಟ್ಟು ನಡುವಿನ 40 ಸೆಕೆಂಡ್ ಬರೀ ಕಾಯುತ್ತಾರೆ. ಶೇಕಡಾ 5ರಿಂದ 10ರೊಳಗೆ ನಿಲ್ಲಿಸಿ.

ನಿಜವಾದ ಬಹುಮಾನ ನಿಮ್ಮ ಕಥೆಯಲ್ಲೇ ಇದೆ. ದೀಪಾವಳಿಯ ನಂತರ ಹಾವೇರಿ ಕಡೆ ನಡೆಯುವ ಹಬ್ಬದಲ್ಲಿ ಹೋರಿಗೆ ಕೊಬ್ಬರಿ ಸರ ಕಟ್ಟಿ ಓಡಿಸುತ್ತಾರೆ, ಹುಡುಗರು ಆ ಸರವನ್ನು ಹರಿಯಲು ಮೈಮೇಲೆ ಬೀಳುತ್ತಾರೆ. ಅದನ್ನೇ ತನ್ನಿ. ಹೋರಿಗೆ ಮೂರು ಸರ: ಕೊರಳಿಗೊಂದು, ಎಡಗೊಂಬಿಗೊಂದು, ಬಲಗೊಂಬಿಗೊಂದು. ಪ್ರತಿ ಸರಕ್ಕೆ ಎರಡು ಗಂಟು. ಪಟ್ಟಿ ಮುರಿದು ಹೋರಿ ಬಿದ್ದಾಗ ತಂಡದಲ್ಲಿ ಒಬ್ಬರು 2 ಸೆಕೆಂಡ್ ಅದರ ಪಕ್ಕ ನಿಂತು ಒಂದು ಗಂಟು ಬಿಚ್ಚಬಹುದು. ಎಡಗೊಂಬಿನ ಸರ ಕೈಗೆ ಬಂದರೆ ಕೊಂಬು ಬೀಸುವ ಸುತ್ತಳತೆ 6 ಮೀಟರಿನಿಂದ 4ಕ್ಕೆ ಇಳಿಯುತ್ತದೆ. ಬಲಗೊಂಬಿನದು ಬಂದರೆ ಮರಿ ಹೋರಿಗಳು ಎರಡರ ಬದಲು ಒಂದೇ ಬರುತ್ತದೆ. ಕೊರಳಿನದು ಬಂದರೆ ನುಗ್ಗಿದ ದಾರಿಯಲ್ಲಿ ಏಳುವ ಧೂಳಿನ ಅಲೆ ನಿಲ್ಲುತ್ತದೆ. ಏಳು ಸರದಿಯಲ್ಲಿ ಆರು ಗೆದ್ದವರಿಗೆ ಮೂರೂ ಸರ ಸಿಗುತ್ತವೆ. ಮೂರು ನಾಲ್ಕು ಮಾತ್ರ ಗೆಲ್ಲುವ ಸಾಮಾನ್ಯ ತಂಡ ಯಾವ ಸರ ಮೊದಲು ಎಂದು ಜಗಳವಾಡಬೇಕು. ಜಗಳವಾಡಲಿ, ಸ್ಟನ್‌ಗೆ ಬೆಲೆ ಬಂದದ್ದರ ಗುರುತು ಅದು.

ಸೋತಾಗ ಎಲ್ಲರನ್ನೂ ಒಂದೇ ಏಟಿಗೆ ಕೊಲ್ಲಬೇಡಿ. ಒಬ್ಬನ ನೆಟ್ ಎರಡು ಸೆಕೆಂಡ್ ತೊದಲಿದ್ದಕ್ಕೆ ನಾಲ್ವರ ಆರು ನಿಮಿಷ ಹಾಳಾದರೆ ಆ ತಂಡ ಮರಳಿ ಬರುವುದಿಲ್ಲ. ದೊಡ್ಡ ನುಗ್ಗಾಟ ತಲಾ ಶೇಕಡಾ 40 ಜೀವ ತೆಗೆಯಲಿ, ವೈದ್ಯನಿಗೆ ಮುಂದಿನ 10 ಸೆಕೆಂಡ್ ಬೇರೆ ಕೆಲಸ ಇಲ್ಲದಂತಾಗಲಿ. ಕಠಿಣ ಮಟ್ಟದಲ್ಲಿ 70 ಮಾಡಿ. ‘ಇನ್ನು 60 ಅಂಕ ಉಳಿದಿತ್ತು’ ಎಂಬುದನ್ನು ಪಟ್ಟಿಯ ಮೇಲೆ 3 ಸೆಕೆಂಡ್ ತೋರಿಸಿ. ಎಷ್ಟು ಅಂತರದಲ್ಲಿ ಸೋತೆವು ಎಂದು ತಿಳಿಯದ ತಂಡ ಕಲಿಯುವುದಿಲ್ಲ.

ಇಂಟರಪ್ಟ್‌ಗೆ ಬೇರೆ ಮನೆ

ಇಂಟರಪ್ಟನ್ನು ಬೆದರು ಪಟ್ಟಿಗೆ ಸೇರಿಸಲೇಬೇಡಿ, ಒಂದು ಅಂಕವನ್ನೂ ಕೊಡಬೇಡಿ. ಕೊಟ್ಟರೆ ಜನ ಅದನ್ನೂ ಪಟ್ಟಿಗೆ ಸುರಿಯುತ್ತಾರೆ, ಅದರ ಬೆನ್ನಿಗೇ ಬರುವ ಕಾಸ್ಟ್ (ಹೊತ್ತು ತೆಗೆದುಕೊಂಡು ಸಿದ್ಧವಾಗುವ ದಾಳಿ ಅಥವಾ ಮಂತ್ರ) ತಡೆಯಲು ಯಾರ ಬಳಿಯೂ ಏನೂ ಇರುವುದಿಲ್ಲ. ಸ್ಟನ್ ತಂಡದ ಕೆಲಸ, ತೂಕದ ಲೆಕ್ಕ. ಇಂಟರಪ್ಟ್ ಒಬ್ಬನ ಕೆಲಸ, ಕಣ್ಣಿನ ಲೆಕ್ಕ: ‘ಈ ಕಾಸ್ಟ್ ನನ್ನದು.’

ಕೂಲ್‌ಡೌನ್ 15 ಸೆಕೆಂಡ್ ಇದ್ದರೆ ನಾಲ್ವರಿಂದ ನಿಮಿಷಕ್ಕೆ 16 ಇಂಟರಪ್ಟ್. ಹೋರಿ, ಮರಿ ಹೋರಿಗಳು ಸೇರಿ ನಿಮಿಷಕ್ಕೆ 10 ಕಾಸ್ಟ್ ಮಾಡಲಿ. ಹತ್ತನ್ನೂ ತಡೆಯಲೇಬೇಕು ಎಂದರೆ ಅದು ಗಡಿಯಾರ ನೋಡುವ ಕೂಲಿಯಾಗುತ್ತದೆ. ಆರನ್ನು ತಡೆಯಲೇಬೇಕು, ಮರಿ ಹೋರಿಗಳಿಗೆ ಜೀವ ತುಂಬುವ ಹೂಂಕಾರ ಅಂಥದು. ಮೂರನ್ನು ಬಿಟ್ಟರೂ ನಡೆಯುತ್ತದೆ, ಸ್ವಲ್ಪ ನೋವು. ಒಂದನ್ನು ತಡೆಯದಿರುವುದೇ ಜಾಣತನ. ಉದಾಹರಣೆಗೆ, ಹೋರಿ ಒಬ್ಬನನ್ನೇ ದಿಟ್ಟಿಸಿ ಮೂಗಿನಿಂದ ಬುಸುಗುಡುತ್ತದೆ. ಆ ಕಾಸ್ಟ್ ಮುಗಿದರೆ ಅವನ ಬೆನ್ನು ಹತ್ತಿ ನೇರ ಓಡುತ್ತದೆ. ಅವನು ಊರ ಅಗಸಿಯ ಕಡೆ ಓಡಿ ಕೊನೆ ಗಳಿಗೆಗೆ ಪಕ್ಕಕ್ಕೆ ಹಾರಿದರೆ ಹೋರಿ ಅಗಸಿಯ ಕಲ್ಲಿಗೆ ಹಣೆ ಬಡಿದುಕೊಂಡು ಮುಂದಿನ ಪಟ್ಟಿಗೆ 150 ಅಂಕ ಜಮೆಯಾಗುತ್ತದೆ (ಇದನ್ನು 100ರ ಮಿತಿಯ ಹೊರಗಿಡಿ). ಅವಸರದಲ್ಲಿ ಇಂಟರಪ್ಟ್ ಒತ್ತಿದವನು ಆ ಅಂಕವನ್ನು ಕಳೆದ.

ಇದಕ್ಕೆಲ್ಲ ಆಟಗಾರನಿಗೆ ಯಾವ ಕಾಸ್ಟ್ ಯಾವುದೆಂದು ತಟ್ಟನೆ ಗೊತ್ತಾಗಬೇಕು. ಫೈನಲ್ ಫ್ಯಾಂಟಸಿ 14ರಲ್ಲಿ ತಡೆಯಬಹುದಾದ ಕಾಸ್ಟ್‌ನ ಬಾರ್ (ಅದು ಎಷ್ಟು ಸಿದ್ಧವಾಯಿತೆಂದು ತೋರಿಸುವ ಗೆರೆ) ಕೆಂಪಗೆ ಮಿನುಗುತ್ತದೆ. ಲಾಸ್ಟ್ ಆರ್ಕ್‌ನಲ್ಲಿ ಬಾಸ್ ನೀಲಿಯಾಗಿ ಹೊಳೆದಾಗ ಎದುರಿನಿಂದ ಕೌಂಟರ್ (ಮರುಹೊಡೆತ) ಹೊಡೆಯಬೇಕು. ಬಣ್ಣವೊಂದನ್ನೇ ನೆಚ್ಚಬೇಡಿ. ಕೆಂಪು-ಹಸಿರು ವರ್ಣಾಂಧತೆ ಇರುವವರಿಗೆ ಅದು ಕಾಣದು, ಹಬ್ಬದ ಬಣ್ಣಬಣ್ಣದ ರಿಬ್ಬನ್ನುಗಳ ನಡುವೆ ಉಳಿದವರಿಗೂ ಕಾಣದು. ಬಾರ್‌ನ ಅಂಚಿನ ಆಕಾರ ಬದಲಿಸಿ, ಜೊತೆಗೆ ಒಂದು ಸದ್ದು ಕೊಡಿ. ತಡೆಯಬಹುದಾದ ಕಾಸ್ಟ್‌ಗೆ ಹೋರಿಯ ಕೊರಳ ಗಂಟೆ ಎರಡು ಬಾರಿ ಬಡಿಯುವುದು ಸಾಕು.

ಇನ್ನು ಕಾಸ್ಟ್ ಎಷ್ಟು ಉದ್ದ ಇರಬೇಕು. ನಿಮ್ಮ ನಾಲ್ಕೂ ಕಂಪ್ಯೂಟರ್ ಒಂದೇ ಕೋಣೆಯಲ್ಲಿದ್ದರೆ 1 ಸೆಕೆಂಡಿನ ಕಾಸ್ಟ್ ಸಲೀಸಾಗಿ ತಡೆಯುತ್ತೀರಿ, ಅದೇ ಸರಿ ಎಂದುಕೊಳ್ಳುತ್ತೀರಿ. ಹೊರಗಿನ ಲೆಕ್ಕ ಬೇರೆ. ಸರ್ವರ್ ಸೆಕೆಂಡಿಗೆ 20 ಟಿಕ್ (ಆಟದ ಲೆಕ್ಕವನ್ನು ಹೊಸದು ಮಾಡುವ ಸುತ್ತು) ಓಡುತ್ತದೆ, ಆಟಗಾರನ ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಬರುವ ಹೊತ್ತು) 120 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಕಾಸ್ಟ್ ಶುರುವಾದ ಸುದ್ದಿ ಅವನಿಗೆ ಮುಟ್ಟಲು 60. ಚಲನೆ ನುಣುಪಾಗಲೆಂದು ಕ್ಲೈಂಟ್ (ಆಟಗಾರನ ಕಡೆ ಓಡುವ ಆಟ) ಎರಡು ಟಿಕ್ ಹಿಂದೆ ಉಳಿದು ತೋರಿಸುವುದರಿಂದ ಇನ್ನೂ 100. ಕಂಡದ್ದು ಯಾವ ಕಾಸ್ಟ್ ಎಂದು ಗುರುತಿಸಿ, ತಡೆಯಬೇಕೋ ಬೇಡವೋ ಎಂದು ತೀರ್ಮಾನಿಸಿ ಬೆರಳು ಒತ್ತಲು 500 ಇಡಿ. ಒತ್ತಿದ್ದು ಸರ್ವರ್ ಮುಟ್ಟಲು 60, ಅಲ್ಲಿ ಟಿಕ್‌ಗೆ ಕಾಯಲು 50ರವರೆಗೆ. ಒಟ್ಟು 770. ಮೊಬೈಲ್ ನೆಟ್‌ನಲ್ಲಿ ಪಿಂಗ್ 250ಕ್ಕೆ ಏರಿ, ಅಲುಗಾಟದಿಂದ (ಪಿಂಗ್ ಏರಿಳಿಯುವುದರಿಂದ) ಕ್ಲೈಂಟ್ ಮೂರು ಟಿಕ್ ಹಿಂದೆ ಬಿದ್ದರೆ 950. 1 ಸೆಕೆಂಡಿನ ಕಾಸ್ಟ್ ಅವನಿಗೆ ಅದೃಷ್ಟದ ಆಟ. ಸಾಮಾನ್ಯ ಮಟ್ಟಕ್ಕೆ 2 ಸೆಕೆಂಡ್, ಕಠಿಣಕ್ಕೆ 1.5. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಗಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಟಗಾರನ ಪರದೆಯಲ್ಲಿ ಬಾರ್ ಇನ್ನೂ ತುಂಬಿಲ್ಲ, ಒತ್ತಿದ, ಆದರೂ ಕಾಸ್ಟ್ ಮುಗಿಯಿತು. ಇದಕ್ಕೆ ಸರ್ವರ್ ಹಿಂದಕ್ಕೆ ಹೋಗಿ ಆದ ಪೆಟ್ಟನ್ನು ವಾಪಸ್ ಪಡೆಯುವ ಮಾರ್ಗ ಹಿಡಿದರೆ ಸತ್ತವನು ಎದ್ದು ನಿಲ್ಲುವಂಥ ವಿಚಿತ್ರಗಳಾಗುತ್ತವೆ. ಸರಳ ಉಪಾಯ: ಪರದೆಯ ಬಾರ್ 2 ಸೆಕೆಂಡಿಗೆ ತುಂಬಲಿ, ಪೆಟ್ಟು ಮಾತ್ರ 2.15ಕ್ಕೆ ಹೊರಡಲಿ. ಆ 150 ಮಿಲಿಸೆಕೆಂಡ್ ಹೋರಿ ಕೊರಳೆತ್ತುವ ಚಲನೆಯಲ್ಲಿ ಅಡಗುತ್ತದೆ. ಅಷ್ಟರಲ್ಲಿ ಬಂದ ಇಂಟರಪ್ಟನ್ನು ಸರ್ವರ್ ಒಪ್ಪುತ್ತದೆ. ಬೆದರು ಪಟ್ಟಿಯ 8 ಸೆಕೆಂಡಿನ ಕೊನೆಗೂ ಇದೇ ಸಡಿಲು ಕೊಡಿ.

ಇಬ್ಬರು ಒಂದೇ ಕಾಸ್ಟ್‌ಗೆ ಒತ್ತುವುದು ದಿನದ ಗೋಳು. ಮೊದಲನೆಯದು ತಡೆದ 250 ಮಿಲಿಸೆಕೆಂಡಿನೊಳಗೆ ಬಂದ ಎರಡನೆಯದರ ಕೂಲ್‌ಡೌನ್ ಪೂರ್ತಿ ಮರಳಿಸಿ. ಅಷ್ಟರೊಳಗಿನದು ನೆಟ್‌ನ ತಪ್ಪು, ಆಟಗಾರನದಲ್ಲ. ಅದರ ಆಚೆಗಿನದು ಗಮನವಿಲ್ಲದ್ದು, ಮರಳಿಸಬೇಡಿ. ಜೊತೆಗೆ, ಮುಂಚೆಯೇ ‘ನಾನು ತಡೀತೀನಿ’ ಎಂದು ಗುರುತು ಹಾಕುವ ಒಂದು ಗುಂಡಿ ಕೊಡಿ. ಒತ್ತಿದವನ ಚಿತ್ರ ಕಾಸ್ಟ್ ಬಾರ್ ಪಕ್ಕ ಮೂಡಲಿ. ಅಪರಿಚಿತರು, ಬೇರೆ ಭಾಷೆಯವರು ಕೂಡಿ ಆಡುವಾಗ ಮೈಕ್‌ಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ತಡೆದದ್ದರ ಫಲ ಆ ಕಾಸ್ಟ್ ನಿಂತದ್ದಷ್ಟೇ ಆಗಬಾರದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ತಡೆದ ಮಂತ್ರದ ಇಡೀ ವರ್ಗವೇ ಕೆಲವು ಸೆಕೆಂಡ್ ಬೀಗ ಬೀಳುತ್ತದೆ. ನಿಮ್ಮಲ್ಲೂ ಹೂಂಕಾರ ತಡೆದರೆ 4 ಸೆಕೆಂಡ್ ಹೋರಿ ದನಿ ಎತ್ತದಿರಲಿ. ಕೊನೆಯ ಅರ್ಧ ಸೆಕೆಂಡಿನಲ್ಲಿ ತಡೆದವರಿಗೆ ಹೆಚ್ಚು ಬಹುಮಾನ ಕೊಡುವ ಆಸೆ ನಿಮಗೆ ಖಂಡಿತ ಬರುತ್ತದೆ. ಬೇಡ. ಅದು ಧೈರ್ಯಕ್ಕಲ್ಲ, ಒಳ್ಳೆಯ ನೆಟ್ ಇರುವವರಿಗೆ ಕೊಡುವ ಬಹುಮಾನ.

ಎಲ್ಲಿ ಕೆಡುತ್ತದೆ

ಪಟ್ಟಿಯ ಲೆಕ್ಕ ಸರ್ವರ್‌ನಲ್ಲೇ ಇರಲಿ, ಪೂರ್ಣಾಂಕದಲ್ಲಿರಲಿ. ಪುಡಿಯ ಅಂಕವನ್ನು ಅರ್ಧ ಸೆಕೆಂಡಿಗೊಮ್ಮೆ ಹಾಕುತ್ತೀರಾದರೆ 12.5 ಬರುತ್ತದೆ, ಹಾಗಾಗಿ ಎಲ್ಲ ಅಂಕವನ್ನೂ ಒಳಗೆ 10ರಿಂದ ಗುಣಿಸಿ ಇಡಿ. ಹೋರಿಗೆ ಐದು ಸ್ಥಿತಿ ಸಾಕು: ಸಾಮಾನ್ಯ, ಮುನ್ಸೂಚನೆ, ಪಟ್ಟಿ ತೆರೆದದ್ದು, ಬಿದ್ದದ್ದು, ಚೇತರಿಕೆ. ಚೇತರಿಕೆಯ 10 ಸೆಕೆಂಡಿನಲ್ಲಿ ಜಮೆಯೂ ಬೇಡ. ಒಂದೇ ಟಿಕ್‌ನಲ್ಲಿ ಆಟಗಾರನ ಸ್ಟನ್ನೂ ಬಂತು, ಹೋರಿಯ ಹೊತ್ತೂ ಮುಗಿಯಿತು ಎಂದಾದರೆ ಸ್ಟನ್ನನ್ನು ಮೊದಲು ಎಣಿಸಿ. ಈ ಕ್ರಮವನ್ನು ಕೋಡ್‌ನಲ್ಲಿ ಬರೆದಿಡದಿದ್ದರೆ ಒಂದು ದಿನ ಹೀಗೆ, ಒಂದು ದಿನ ಹಾಗೆ ಆಗಿ ಬಗ್ ಎಲ್ಲಿದೆ ಎಂದು ಹುಡುಕುತ್ತ ವಾರ ಕಳೆಯುತ್ತದೆ.

ಹೋರಿ ಬಿದ್ದಾಗ ಅದು ಮಾಡುತ್ತಿದ್ದ ದಾಳಿಯನ್ನು ರದ್ದು ಮಾಡುವುದು ಎಲ್ಲರಿಗೂ ನೆನಪಿರುತ್ತದೆ. ಆ ದಾಳಿಯ ಕೂಲ್‌ಡೌನ್ ಮತ್ತೆ ಶುರು ಮಾಡುವುದು ಮರೆತುಹೋಗುತ್ತದೆ. ಆಗ ಎದ್ದ ಕೂಡಲೇ ಅದೇ ನುಗ್ಗಾಟ ಬರುತ್ತದೆ, ಸ್ಟನ್ ಹಾಕದಿದ್ದರೇ ಒಳ್ಳೆಯದಿತ್ತು ಎನಿಸುತ್ತದೆ. ರದ್ದಾದದ್ದಕ್ಕೆ ಪೂರ್ತಿ ಕೂಲ್‌ಡೌನ್, ಉಳಿದ ದಾಳಿಗಳಿಗೆ ಎದ್ದ ಮೇಲೆ ಕನಿಷ್ಠ 2 ಸೆಕೆಂಡ್ ಬಿಡುವು. ಬಿದ್ದಿರುವಷ್ಟು ಹೊತ್ತು ಹೋರಿಯ ಎಲ್ಲ ಗಡಿಯಾರಗಳೂ ನಿಲ್ಲಬೇಕು. ನಿಲ್ಲದಿದ್ದರೆ ಎರಡು ಮೂರು ದಾಳಿ ಒಂದರ ಮೇಲೊಂದು ಬೀಳುತ್ತವೆ. ಮರಿ ಹೋರಿಗಳ ಗಡಿಯಾರ ಮಾತ್ರ ಓಡುತ್ತಿರಲಿ. ಹೋರಿಯ ಜೀವ ಅರ್ಧಕ್ಕೆ ಇಳಿದಾಗ ಎರಡನೆಯ ಹಂತ ಶುರುವಾಗುವುದಿದ್ದರೆ, ಆ ಗೆರೆ ಬಿದ್ದಿರುವಾಗ ದಾಟಿದರೂ ಹಂತ ಬದಲಾಗುವುದು ಎದ್ದ ಮೇಲೆಯೇ ಆಗಲಿ. ಗೆದ್ದ 6 ಸೆಕೆಂಡಿನಲ್ಲಿ ನಾಲ್ಕನ್ನು ಆಟವೇ ಕಸಿದುಕೊಂಡರೆ ಜನ ಕ್ಷಮಿಸುವುದಿಲ್ಲ. ಚಲನೆಯೊಂದಿಗೆ ಜಾಗವೂ ಬದಲಾಗುವಂತೆ ಕಟ್ಟಿದ ನುಗ್ಗಾಟವಿದ್ದರೆ, ಬಿದ್ದ ಹೋರಿ ಮಲಗಿದಂತೆಯೇ ಜಾರಿಕೊಂಡು ಹೋಗುತ್ತದೆ. ಬೀಳುವ ಗಳಿಗೆಗೆ ವೇಗವನ್ನು ಸೊನ್ನೆ ಮಾಡಿ.

ಗೆದ್ದಷ್ಟೂ ಪಟ್ಟಿ ದೊಡ್ಡದಾಗಬೇಕೇ? ಮಾನ್‌ಸ್ಟರ್ ಹಂಟರ್‌ನಲ್ಲಿ ಪ್ರತಿ ಸ್ಟನ್ ಆದಮೇಲೆ ಮುಂದಿನದಕ್ಕೆ ಹೆಚ್ಚು ಪೆಟ್ಟು ಬೇಕು. ಅಲ್ಲಿ ಯಾವ ಹೊತ್ತಿಗೂ ಸ್ಟನ್ ಕೂಡಿಸಬಹುದಾದ್ದರಿಂದ ಅದು ಬೇಕು. ನಿಮ್ಮಲ್ಲಿ ಸರದಿಯೇ ಏಳು, ಹಾಗಾಗಿ 480 ಕೊನೆಯವರೆಗೂ 480.

ಪರೀಕ್ಷೆಗೆ ಕೋಣೆಯೊಳಗಿನ ನೆಟ್ ನಂಬಬೇಡಿ. ಲಿನಕ್ಸ್‌ನಲ್ಲಿ ನೆಟ್‌ಎಮ್, ವಿಂಡೋಸ್‌ನಲ್ಲಿ ಕ್ಲಮ್ಸಿ ಎಂಬ ಸಾಧನ ಬಳಸಿ ಬೇಕೆಂದೇ 200 ಮಿಲಿಸೆಕೆಂಡ್ ತಡ, 40ರ ಅಲುಗಾಟ, ಶೇಕಡಾ 1 ಪ್ಯಾಕೆಟ್ ನಷ್ಟ ಹಾಕಿ, ನಾಲ್ವರಲ್ಲಿ ಇಬ್ಬರು ಹಾಗೆಯೇ ಆಡಿ. ಪ್ರತಿ ಸರದಿಗೂ ಲಾಗ್‌ನಲ್ಲಿ ನಾಲ್ಕು ಸಂಗತಿ ಬರೆಸಿ: ಪಟ್ಟಿ ಎಷ್ಟು ತುಂಬಿತು, ಎಷ್ಟನೇ ಸೆಕೆಂಡಿಗೆ, ಎಷ್ಟು ಜನರಿಂದ, ಯಾರ ಸ್ಟನ್ ಸಿದ್ಧವಿದ್ದೂ ಬಳಕೆಯಾಗಲಿಲ್ಲ. ಹೊಸ ತಂಡ ಮೊದಲ ಆಟದಲ್ಲಿ ಏಳರಲ್ಲಿ ಎರಡು ಮೂರು ಗೆದ್ದು, ಐದನೇ ಆಟದ ಹೊತ್ತಿಗೆ ಐದಕ್ಕೆ ಬಂದರೆ ಹದ ಸರಿಯಿದೆ. ಪಟ್ಟಿ ಮೊದಲ 2 ಸೆಕೆಂಡಿನಲ್ಲೇ ಮುರಿಯುತ್ತಿದ್ದರೆ ಗಾತ್ರ ಏರಿಸುವ ಮೊದಲು ಜಮೆಯಾದ ಅಂಕ ನೋಡಿ; 100ರ ಜಮೆ, ಅಗಸಿಯ 150 ಎರಡೂ ಸೇರಿ 480ರಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿಯೇ ತೆರೆದಿರಬಹುದು. ಅಗಸಿಗೆ ಬಡಿಸಲು ಕಲಿತ ತಂಡಗಳಲ್ಲಿ ಇದು ಬೇಗ ಕಾಣುತ್ತದೆ. ಆಗ ಅಗಸಿಯ ಅಂಕವನ್ನು 100ಕ್ಕೆ ಇಳಿಸಿ, ಪಟ್ಟಿಯ ಗಾತ್ರವನ್ನು ಹಾಗೇ ಬಿಡಿ. ಸ್ಟನ್ ಸಿದ್ಧವಿದ್ದೂ ಬಳಸದವರು ಹೆಚ್ಚಿದ್ದರೆ ತೊಂದರೆ ಅಂಕದ್ದಲ್ಲ, ಮುನ್ಸೂಚನೆಯದು: ಹೋರಿ ಕಾಲು ಕೆರೆಯುವುದು ಅವರಿಗೆ ಕಾಣುತ್ತಿಲ್ಲ. 1.5 ಸೆಕೆಂಡನ್ನು 2 ಮಾಡಿ, ಹಲಗಿಯ ಹಿನ್ನೆಲೆ ಬಡಿತವನ್ನು ಆ ಗಳಿಗೆಗೆ ಪೂರ್ತಿ ನಿಲ್ಲಿಸಿ ನೋಡಿ. ಸದ್ದು ನಿಂತಾಗ ತಲೆ ಎತ್ತಿ ನೋಡದ ಆಟಗಾರ ಸಿಗುವುದು ಅಪರೂಪ.